ಕಿಲ್ಟ್ ಹೊಲಿಯೋರಿಗೆ ಕೆಳಗಿನ ಅಂಚಿನ ಲೆಕ್ಕ: ಮಡಚ್ಬೇಕಾ, ಹಾಗೇ ಬಿಡ್ಬೇಕಾ?

ಕಿಲ್ಟ್, ಅಂದ್ರೆ ಸ್ಕಾಟ್ಲೆಂಡಿನ ಗಂಡಸರು ಸೊಂಟದಿಂದ ಮಂಡಿ ತನಕ ಉಡೋ ಚೌಕಳಿ ನೆರಿಗೆ ಉಡುಪು, ಅದನ್ನ ಹೊಲೀಬೇಕು ಅಂತ ಕೂತೋರೆಲ್ಲ ಮೊದಲು ತಲೆ ಕೆಡಿಸ್ಕೊಳ್ಳೋದು ನೆರಿಗೆ ಬಗ್ಗೆ. ಎಷ್ಟು ನೆರಿಗೆ ಬರತ್ತೆ, ಒಂದೊಂದು ಎಷ್ಟು ಅಗಲ ಇರ್ಬೇಕು, ಚೌಕಳಿ ಹೇಗೆ ಹೊಂದಿಸ್ಬೇಕು, ಇದೇ ಯೋಚನೆ. ಕೆಳಗಿನ ಅಂಚು ಏನ್ಮಾಡೋದು ಅನ್ನೋ ಪ್ರಶ್ನೆ ಬರೋದು ಬಟ್ಟೆ ತಂದು, ಅಳತೆ ತೊಗೊಂಡು, ಕತ್ತರಿ ಕೈಗೆ ಬಂದ್ಮೇಲೆ. ಅಷ್ಟೊತ್ತಿಗೆ ಅರ್ಧ ತೀರ್ಮಾನ ಆಗೋಗಿರತ್ತೆ, ಯಾಕಂದ್ರೆ ಕಿಲ್ಟಿನ ಕೆಳ ಅಂಚು ನಿರ್ಧಾರ ಆಗೋದು ಹೊಲಿಗೆ ಮೆಷಿನ್ ಮುಂದೆ ಅಲ್ಲ, ಬಟ್ಟೆ ಆರ್ಡರ್ ಮಾಡೋವಾಗ. ಈ ಒಂದು ವಿಷಯ ಮನಸ್ಸಲ್ಲಿ ಇಟ್ಕೊಂಡ್ರೆ ಮುಂದಿನ ತಲೆನೋವು ಬಹಳಷ್ಟು ಕಮ್ಮಿ ಆಗತ್ತೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೀತಿದೀನಿ.

ಸ್ಕಾಟ್ಲೆಂಡಿನ ಸಾಂಪ್ರದಾಯಿಕ ಕಿಲ್ಟ್ ಕೈಗೆ ಸಿಕ್ಕಿದ್ರೆ ಕೆಳಗಡೆ ತಿರುಗಿಸಿ ನೋಡಿ, ಅಲ್ಲಿ ಹೆಮ್ಮಿಂಗೇ ಇರಲ್ಲ. ಮಡಚಿಲ್ಲ, ಓವರ್‌ಲಾಕ್ ಇಲ್ಲ, ಪಟ್ಟಿ ಇಲ್ಲ, ಒಂದು ಟಾಕಾನೂ ಇಲ್ಲ. ಮಗ್ಗದಿಂದ ಬಂದ ಬಟ್ಟೆಯ ಅಂಚು ಅಂದ್ರೆ ಸೆಲ್ವೇಜ್ ಏನಿದ್ಯೋ ಅದೇ ಕಿಲ್ಟಿನ ಕೆಳಭಾಗ. ನಮ್ಮ ಟೈಲರ್ ಯಾರಿಗಾದ್ರೂ ಹೊಲಿಯೋಕೆ ಕೊಟ್ರೆ ಅವರು ಕೇಳದೇ ಇದ್ರೂ ಕೆಳಗೆ ಒಂದೂವರೆ ಇಂಚು ಮಡಚಿ ಹೊಲಿದುಬಿಡ್ತಾರೆ, ಲಂಗಕ್ಕೂ ಪ್ಯಾಂಟಿಗೂ ಅದೇ ಅಭ್ಯಾಸ ಅಲ್ವಾ, ಹಾಗಾಗಿ ಮೊದಲೇ ಬಾಯ್ಬಿಟ್ಟು ಹೇಳ್ಬೇಕು.

ಇದು ಹೇಗೆ ಸಾಧ್ಯ ಅಂತ ಅರ್ಥ ಆಗ್ಬೇಕಂದ್ರೆ ಬಟ್ಟೆ ಯಾವ ದಿಕ್ಕಲ್ಲಿ ಕೂತಿದೆ ಅಂತ ನೋಡ್ಬೇಕು. ಕಿಲ್ಟಲ್ಲಿ ಬಟ್ಟೆ ಉದ್ದುದ್ದಕ್ಕೆ ಸೊಂಟದ ಸುತ್ತ ಹೋಗತ್ತೆ, ಹಾಸಿನ ನೂಲು (ಬಟ್ಟೆ ಉದ್ದಕ್ಕೆ ಹೋಗೋದು) ನೆಲಕ್ಕೆ ಸಮಾನಾಂತರವಾಗಿ ಅಡ್ಡಡ್ಡ ಇರತ್ತೆ, ಹೊಕ್ಕಿನ ನೂಲು (ಬಟ್ಟೆ ಅಗಲಕ್ಕೆ ಹೋಗೋದು) ಮೇಲಿಂದ ಕೆಳಗೆ ಇಳಿಯತ್ತೆ. ಪಂಚೆ ಉಟ್ಕೊಂಡಾಗ ಅಂಚು ಕಾಲಿನ ಹತ್ರ ಸುತ್ತ ಬರತ್ತಲ್ಲ, ಲೆಕ್ಕ ಅದೇ, ಪಂಚೆ ಕೆಳಗೆ ಯಾರೂ ಮಡಚಿ ಹೊಲಿಯಲ್ಲ. ಕಿಲ್ಟ್ ಅಂದ್ರೆ ಮುಂದೆ ಎರಡು ಚಪ್ಪಟೆ ಏಪ್ರನ್, ಒಂದರ ಮೇಲೊಂದು, ಹಿಂದೆ ಪೂರ್ತಿ ನೆರಿಗೆ, ಸೊಂಟದಿಂದ ಪೃಷ್ಠದ ತನಕ ನೆರಿಗೆ ಹೊಲಿದಿರತ್ತೆ, ಅಲ್ಲಿಂದ ಕೆಳಗೆ ಇಸ್ತ್ರಿ ಬಲದ ಮೇಲೆ ಬಿಟ್ಟಿರ್ತಾರೆ. ಕೆಳಗಿನ ಅಂಚು ಮಂಡಿ ಚಿಪ್ಪಿನ ಹತ್ರ ಬಂದು ನಿಲ್ಲತ್ತೆ.

ಈ ಪದ್ಧತಿ ಬಂದಿದ್ದು ಮಗ್ಗದ ಅಗಲದಿಂದ. ಸ್ಕಾಟ್ಲೆಂಡಿನ ಗುಡ್ಡಗಾಡು ಭಾಗವಾದ ಹೈಲ್ಯಾಂಡಿನ ಹಳೇ ಮಗ್ಗಗಳು ಕಿರಿದು, ಒಬ್ಬ ನೇಕಾರ ಕೈಯಿಂದ ಲಾಳಿ ಎಸೆದು ಹಿಡಿಯೋಷ್ಟೇ ಅಗಲ, ಹಾಗಾಗಿ ಭುಜದ ಮೇಲೂ ಹೊದ್ದುಕೊಳ್ಳೋ ದೊಡ್ಡ ಫೇಲಿ ಮೋರ್‌ಗೆ ಎರಡು ಪಟ್ಟಿ ಉದ್ದುದ್ದ ಸೇರಿಸಿ ಹೊಲೀತಿದ್ರು. 18ನೇ ಶತಮಾನದ ಮೊದಲ ಭಾಗದಲ್ಲಿ ಕೆಳಗಿನ ಅರ್ಧ ಮಾತ್ರ ಉಡೋ ಫೇಲಿ ಬೆಗ್ ರೂಢಿಗೆ ಬಂತು, ಒಂದೇ ಪಟ್ಟಿ ಸಾಕಾಯ್ತು, ಅದರ ಅಂಚೇ ಕೆಳಗೆ ಬಂತು. 1746ರ ಕಾಯ್ದೆ ಹೈಲ್ಯಾಂಡ್ ಉಡುಪನ್ನ ನಿಷೇಧ ಮಾಡ್ತು, 1782ರಲ್ಲಿ ಅದು ರದ್ದಾಯ್ತು, ಆ ಶತಮಾನ ಮುಗಿಯೋ ಹೊತ್ತಿಗೆ ನೆರಿಗೆ ಹೊಲಿದ ಕಿಲ್ಟ್ ಬಂತು. ಹೊಲಿಗೆ ಬಂದ್ರೂ ಕೆಳಗಿನ ಅಂಚಿಗೆ ಯಾರೂ ಸೂಜಿ ಹಾಕ್ಲಿಲ್ಲ.

ಸರಿ, ಸಂಪ್ರದಾಯ ಹಂಗಿದೆ, ಆದ್ರೆ ಮಡಚಿ ಹೊಲಿದ್ರೆ ಏನು ಗಂಟು ಹೋಗತ್ತೆ ಅಂತ ಕೇಳ್ಬೋದು. ಇಲ್ಲೇ ಅಸಲಿ ಲೆಕ್ಕ ಇರೋದು. ಟಾರ್ಟನ್, ಅಂದ್ರೆ ಕಿಲ್ಟಿನ ಬಣ್ಣದ ಚೌಕಳಿ, ಅದರ ಮಾದರಿ ಒಂದು ಸಲ ಪೂರ್ತಿ ಬಂದು ಮತ್ತೆ ಶುರುವಾಗೋ ಅಳತೆಗೆ ಸೆಟ್ ಅಂತಾರೆ. ನಿಮ್ಮ ಬಟ್ಟೆ ಸೆಟ್ 7 ಇಂಚು ಇದೆ ಅನ್ಕೊಳ್ಳಿ, ಒಂದೊಂದು ನೆರಿಗೆಗೆ ಒಂದು ಸೆಟ್ ಹೋಗತ್ತೆ, ಹೊರಗೆ ಕಾಣೋದು ಮುಕ್ಕಾಲು ಇಂಚು ಮಾತ್ರ, ಮಿಕ್ಕಿದ್ದೆಲ್ಲ ಒಳಗೆ ಮಡಚಿಕೊಂಡಿರತ್ತೆ. 7ನ್ನ ಮುಕ್ಕಾಲಿಂದ ಭಾಗಿಸಿದ್ರೆ 9ರ ಮೇಲೆ ಸ್ವಲ್ಪ. ಅಂದ್ರೆ ಹಿಂದುಗಡೆ ಎಲ್ಲಿ ಬೆರಳಿಟ್ರೂ ಬೆರಳ ಕೆಳಗೆ ಸುಮಾರು 9 ಪದರ ಬಟ್ಟೆ. ಈಗ ಕೆಳಗೆ ಒಂದು ಸಲ ಮಡಚಿದ್ರೆ ಅದು 18 ಆಗತ್ತೆ. ಹಸಿ ಅಂಚು ಕಾಣಬಾರ್ದು ಅಂತ ಎರಡು ಸಲ ಮಡಚಿದ್ರೆ 27. ಅದೂ 16 ಔನ್ಸಿನ ಉಣ್ಣೆ ಬಟ್ಟೆ, ಮೀಟರಿಗೆ ಅರ್ಧ ಕೆಜಿ ತೂಗೋದು. ಇಷ್ಟು ದಪ್ಪ ಇಸ್ತ್ರಿಗೆ ಬಗ್ಗಲ್ಲ, ನೆರಿಗೆ ತುದಿ ಚೂಪಾಗಿ ನಿಲ್ಲಲ್ಲ, ಕೆಳಗೆ ಹೋಗ್ತಾ ಹೋಗ್ತಾ ನೆರಿಗೆಗಳು ಒಂದನ್ನೊಂದು ತಳ್ಳಿ ಹರಡಿಕೊಳ್ತವೆ, ನಡೆಯೋವಾಗ ಆ ಲಯವಾದ ತೂಗಾಟ ಹೋಗಿಬಿಡತ್ತೆ. ಕಿಲ್ಟಿನ ಚೆಂದ ಇರೋದೇ ಆ ತೂಗಾಟದಲ್ಲಿ ಅಂತ ನಾನು ನಂಬಿದೀನಿ, ಅದನ್ನ ಕಳ್ಕೊಂಡು ಕೆಳಗೆ ಅಚ್ಚುಕಟ್ಟಾದ ಹೊಲಿಗೆ ಇಟ್ಕೊಂಡು ಏನ್ಮಾಡೋದು.

ಇನ್ನೊಂದು ಕಾರಣನೂ ಇದೆ. ಈ ಅಂಚು ಸದಾ ಮಂಡಿ ಹಿಂದಿನ ಚರ್ಮಕ್ಕೆ ತಾಗ್ತಾ ಇರತ್ತೆ. 1914ರ ಮಹಾಯುದ್ಧದಲ್ಲಿ ಕಿಲ್ಟ್ ಹಾಕ್ಕೊಂಡು ಟ್ರೆಂಚಲ್ಲಿ ನಿಂತಿದ್ದ ಹೈಲ್ಯಾಂಡ್ ಸೈನಿಕರಿಗೆ ಕೆಸರು ಹತ್ತಿದ ನೆರಿಗೆ ಅಂಚು ಚಳಿಗೆ ಗಟ್ಟಿಯಾಗಿ ಮಂಡಿ ಹಿಂದೆ ಕೊಯ್ದು ಗಾಯ ಆಗ್ತಿತ್ತು. ನಮಗೆ ಅಂಥ ಪರಿಸ್ಥಿತಿ ಇಲ್ಲ ನಿಜ, ಆದ್ರೂ ನೈಲಾನ್ ದಾರದಲ್ಲಿ ಓವರ್‌ಲಾಕ್ ಮಾಡಿದ ಒರಟು ಅಂಚು ಅಥವಾ ಗಟ್ಟಿ ಮಡಿಕೆ ಸಂಜೆ ತನಕ ಅಲ್ಲೇ ಉಜ್ತಾ ಇದ್ರೆ ಚರ್ಮ ಕೆಂಪಗಾಗತ್ತೆ.

ಈಗ ಸೆಲ್ವೇಜಿನ ವಿಷಯಕ್ಕೆ ಬರೋಣ. ಎಲ್ಲಾ ಬಟ್ಟೆಗೂ ಅಂಚು ಇರತ್ತೆ, ಆದ್ರೆ ಎಲ್ಲಾ ಅಂಚೂ ಕಿಲ್ಟಿಗೆ ಬರಲ್ಲ. ಲಾಳಿ ಮಗ್ಗದಲ್ಲಿ ನೇಯ್ದ ಬಟ್ಟೆಲಿ ಹೊಕ್ಕಿನ ನೂಲು ತುದಿಗೆ ಹೋಗಿ, ಅಲ್ಲೇ ತಿರುಗಿ ವಾಪಸ್ ಬರತ್ತೆ, ಎಲ್ಲೂ ಕತ್ತರಿಸಿರಲ್ಲ. ಆ ಅಂಚು ನಯವಾಗಿ, ಬಟ್ಟೆ ಮಧ್ಯ ಎಷ್ಟು ದಪ್ಪನೋ ಹೆಚ್ಚುಕಮ್ಮಿ ಅಷ್ಟೇ ದಪ್ಪ ಇರತ್ತೆ, ಟಾರ್ಟನ್ ಬಣ್ಣ ಕೊನೇ ನೂಲಿನ ತನಕ ಹೋಗತ್ತೆ. ಕಿಲ್ಟಿಂಗ್ ಸೆಲ್ವೇಜ್ ಅಂತ ಕೇಳಿದ್ರೆ ಇದನ್ನ ಕೊಡ್ಬೇಕು. ಇದಕ್ಕಿಂತ ಒಳ್ಳೇದು ಇಲ್ಲ.

ಈಗಿನ ಗಿರಣಿಗಳಲ್ಲಿ ಬಹಳಷ್ಟು ಮಗ್ಗಕ್ಕೆ ಲಾಳಿನೇ ಇಲ್ಲ, ರೇಪಿಯರ್ ಮಗ್ಗ, ಹೊಕ್ಕಿನ ನೂಲನ್ನ ಒಂದು ಕಡೆಯಿಂದ ಎಳ್ಕೊಂಡು ಹೋಗಿ ಪ್ರತಿ ಸಲ ಕತ್ತರಿಸತ್ತೆ. ಆ ಕತ್ತರಿಸಿದ ತುದಿನ ಮತ್ತೆ ಒಳಗೆ ಮಡಚಿ ಮುಂದಿನ ಸಾಲಲ್ಲಿ ಸೇರಿಸಿ ನೇಯ್ದ್ರೆ ಅದಕ್ಕೆ ಟಕ್-ಇನ್ ಸೆಲ್ವೇಜ್ ಅಂತಾರೆ. ಬೆರಳಲ್ಲಿ ಸವರಿ ನೋಡಿದ್ರೆ ಗೊತ್ತಾಗತ್ತೆ, ಕೊನೇ ಒಂದು ಸೆಂಟಿಮೀಟರ್ ಆಸುಪಾಸು ಬಟ್ಟೆ ಸ್ವಲ್ಪ ದಪ್ಪ, ಸ್ವಲ್ಪ ಬಿಗಿ, ಬೆಳಕಿಗೆ ಹಿಡಿದ್ರೆ ಅಷ್ಟು ಭಾಗ ಒಂಚೂರು ಗಾಢವಾಗಿ ಕಾಣತ್ತೆ, ಅಲ್ಲಲ್ಲಿ ಒಂದೆರಡು ಸಣ್ಣ ನೂಲಿನ ತುದಿ ಹೊರಗೆ ಇಣುಕ್ತಿರತ್ತೆ. ಯಾಕಂದ್ರೆ ಆ ಜಾಗದಲ್ಲಿ ಹೊಕ್ಕಿನ ನೂಲು ದುಪ್ಪಟ್ಟು. ಇದು ಕಿಲ್ಟಿಗೆ ನಡೆಯತ್ತೆ, ಧೈರ್ಯವಾಗಿ ಉಪಯೋಗಿಸಿ, ಇವತ್ತು ತಯಾರಾಗೋ ಬೇಕಾದಷ್ಟು ಒಳ್ಳೇ ಕಿಲ್ಟ್‌ಗಳಲ್ಲಿ ಇದೇ ಇರೋದು. ಇಣುಕೋ ತುದಿಗಳನ್ನ ಚೂಪು ಕತ್ತರಿಲಿ ಸವರಿದ್ರೆ ಆಯ್ತು, ಎಳೀಬಾರ್ದು. ನೋಡ್ಕೋಬೇಕಾದ್ದು ಒಂದೇ, ಅಂಚು ಅಲೆಅಲೆಯಾಗಿದ್ಯಾ ಅಂತ. ದಪ್ಪ ಅಂಚು ಮಧ್ಯದ ಬಟ್ಟೆಗಿಂತ ಉದ್ದಕ್ಕೆ ಹಿಗ್ಗಿದ್ರೆ ಅಥವಾ ಕುಗ್ಗಿದ್ರೆ ಅದು ನೆರಿಗೆಲಿ ಎದ್ದು ಕಾಣತ್ತೆ. ಒಂದು ಗಜ ಬಟ್ಟೆನ ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ಕೈಯಲ್ಲಿ ಒತ್ತದೇ ನೋಡಿ, ಅಂಚು ತಾನಾಗೇ ಮಲಗಿದ್ರೆ ಸರಿ, ಎದ್ದು ಎದ್ದು ನಿಂತ್ರೆ ಆ ಅಂಚನ್ನ ನಂಬೋದು ಕಷ್ಟ.

ಮೂರನೇ ಥರದ್ದು ಲೀನೋ ಅಂಚು, ಹೊಕ್ಕಿನ ತುದಿ ಕತ್ತರಿಸಿ ಹಾಗೇ ಬಿಟ್ಟು, ಬಿಚ್ಚಿಕೊಳ್ಳದೇ ಇರ್ಲಿ ಅಂತ ಎರಡು ನೂಲು ತಿರುಚಿ ಹಿಡಿದಿರ್ತಾರೆ, ಆಚೆಗೆ ಸಣ್ಣ ಕುಚ್ಚಿನ ಥರ ನೇತಾಡ್ತಿರತ್ತೆ. ಸೂಟಿಂಗ್ ಬಟ್ಟೆ, ಶರ್ಟಿನ ಫ್ಲಾನೆಲ್, ಅಂಗಡಿಲಿ ಮೀಟರ್ ಲೆಕ್ಕದಲ್ಲಿ ಸಿಗೋ ಚೌಕಳಿ ಬಟ್ಟೆಲೆಲ್ಲ ಇದು ಸಾಮಾನ್ಯ. ಇದನ್ನ ಕಿಲ್ಟ್ ಕೆಳಗೆ ಹಾಗೇ ಬಿಡೋಕಾಗಲ್ಲ. ಇನ್ನು ಕೆಲವು ಬಟ್ಟೆಲಿ ಅಂಚಿಗೆ ಗಿರಣಿ ಹೆಸರು ನೇಯ್ದಿರ್ತಾರೆ, ಅಥವಾ ಬೇರೆ ಬಣ್ಣದ ಪಟ್ಟಿ ಇರತ್ತೆ, ಅಥವಾ ಬಟ್ಟೆ ಒಣಗಿಸಿ ಹದಮಾಡೋ ಸ್ಟೆಂಟರ್ ಮೆಷಿನ್ನಿನ ಪಿನ್ ತೂತುಗಳ ಸಾಲು ಕಾಣತ್ತೆ. ತೂತು ಸಣ್ಣದಿದ್ರೆ ಉಣ್ಣೆ ಬಟ್ಟೆಲಿ ಹಬೆ ಕೊಟ್ಟು ಇಸ್ತ್ರಿ ಮಾಡಿದಾಗ ಮುಚ್ಕೊಳ್ತವೆ, ಪಾಲಿಸ್ಟರ್ ಮಿಶ್ರಣದಲ್ಲಿ ಮುಚ್ಕೊಳ್ಳೋದು ಅನುಮಾನ.

ಅದಕ್ಕೇ ಬಟ್ಟೆ ಆನ್‌ಲೈನಲ್ಲಿ ತರಿಸೋರು ಸ್ಯಾಂಪಲ್ ಕೇಳೋವಾಗ ಅಂಚು ಸೇರಿದ ತುಂಡೇ ಕೊಡಿ ಅಂತ ಬಿಡಿಸಿ ಹೇಳ್ಬೇಕು, ಇಲ್ಲಾಂದ್ರೆ ಬಟ್ಟೆ ಮಧ್ಯದಿಂದ ಒಂದು ಚೌಕ ಕತ್ತರಿಸಿ ಕಳಿಸ್ತಾರೆ, ಬಣ್ಣ ತೂಕ ಗೊತ್ತಾಗತ್ತೆ, ನಮಗೆ ಮುಖ್ಯವಾದ ಅಂಚು ಗೊತ್ತಾಗಲ್ಲ. ಸ್ಕಾಟ್ಲೆಂಡಿನ ಬಾರ್ಡರ್ಸ್ ಭಾಗದ ಸೆಲ್ಕರ್ಕ್‌ನಲ್ಲಿರೋ ಲಾಕ್‌ಕ್ಯಾರನ್ ಥರದ ಟಾರ್ಟನ್ ಗಿರಣಿಯವರಿಗೆ ಕಿಲ್ಟಿಗೆ ಬೇಕು ಅಂದ್ರೆ ಸಾಕು, ಅರ್ಥ ಆಗತ್ತೆ. ಸಾಮಾನ್ಯ ಬಟ್ಟೆ ವ್ಯಾಪಾರಿಗಳಿಗೆ ಆಗಲ್ಲ, ಅವರ ಹತ್ರ ಅಂಚಿನ ಫೋಟೋನೇ ಕೇಳಿ ತರಿಸ್ಕೊಳ್ಳಿ.

ಅಗಲದ ಲೆಕ್ಕ ಸ್ವಲ್ಪ ಗೋಜಲು, ನಿಧಾನವಾಗಿ ಓದಿ. ಟಾರ್ಟನ್ ಬಟ್ಟೆ ಸಾಮಾನ್ಯವಾಗಿ ಡಬಲ್ ವಿಡ್ತಲ್ಲಿ ಸಿಗತ್ತೆ, 54ರಿಂದ 60 ಇಂಚು. 8 ಗಜದ ಕಿಲ್ಟ್ ಬೇಕು ಅಂದ್ರೆ 4 ಗಜ ಡಬಲ್ ವಿಡ್ತ್ ತೊಗೊಂಡು ಉದ್ದಕ್ಕೆ ಮಧ್ಯ ಸೀಳಿ, ಎರಡು ಪಟ್ಟಿನ ತುದಿಗೆ ತುದಿ ಸೇರಿಸಿದ್ರೆ 8 ಗಜ ಆಗತ್ತೆ. ಜೋಡಿಸಿದ ಹೊಲಿಗೆ ಒಂದು ನೆರಿಗೆ ಒಳಗೆ ಅಡಗಿಹೋಗತ್ತೆ, ಹೊರಗೆ ಕಾಣಲ್ಲ. ಆದ್ರೆ ಗಮನಿಸಿ, ಮಧ್ಯ ಸೀಳಿದಾಗ ಒಂದು ಪಟ್ಟಿಗೆ ಸೆಲ್ವೇಜ್ ಕೆಳಗಿದೆ, ಇನ್ನೊಂದಕ್ಕೆ ಮೇಲಿದೆ. ಎರಡನೇದನ್ನ ಮೇಜಿನ ಮೇಲೇ ಅರ್ಧ ಸುತ್ತು ತಿರುಗಿಸಿದ್ರೆ ಅದರದ್ದೂ ಕೆಳಗೆ ಬರತ್ತೆ. ರಾಯಲ್ ಸ್ಟುವರ್ಟ್ ಥರ ಎಡದಿಂದ ಓದಿದ್ರೂ ಬಲದಿಂದ ಓದಿದ್ರೂ ಒಂದೇ ಆಗೋ ಸಮರೂಪದ ಟಾರ್ಟನ್ ಆದ್ರೆ ತಿರುಗಿಸಿದ್ದು ಯಾರಿಗೂ ಗೊತ್ತಾಗಲ್ಲ. ಬ್ಯುಕ್ಯಾನನ್ ಥರದ ಅಸಮರೂಪದ ಟಾರ್ಟನ್ ಆದ್ರೆ ಎರಡನೇ ಪಟ್ಟಿಲಿ ಬಣ್ಣದ ಕ್ರಮ ಉಲ್ಟಾ ಆಗತ್ತೆ, ಜೋಡಣೆ ಆದ ಕಡೆಯಿಂದ ನೆರಿಗೆ ಮಾದರಿನೇ ಬದಲಾಗಿಬಿಡತ್ತೆ. ಬಟ್ಟೆನ ಮಗುಚಿ ಹಿಂಬದಿ ಮುಂದೆ ಮಾಡಿದ್ರೆ ಉದ್ದಕ್ಕೆ ಹೋಗೋವಾಗಿನ ಬಣ್ಣದ ಕ್ರಮ ಸರಿಹೋಗತ್ತೆ, ಆದ್ರೆ ಕೆಳಗಿಂದ ಮೇಲಕ್ಕೆ ಅಡ್ಡ ಗೆರೆಗಳ ಕ್ರಮ ಉಲ್ಟಾನೇ ಉಳಿಯತ್ತೆ, ಟ್ವಿಲ್ (ಓರೆ ಗೆರೆ ಬೀಳೋ ನೇಯ್ಗೆ) ಗೆರೆ ಓರೆಯಾಗೋ ದಿಕ್ಕೂ ಬದಲಾಗತ್ತೆ, ಹತ್ತಿರದಿಂದ ನೋಡೋರಿಗೆ ಅದು ಕಣ್ಣಿಗೆ ಬೀಳತ್ತೆ. ಅಂಥ ಟಾರ್ಟನ್‌ಗೆ ಸಿಂಗಲ್ ವಿಡ್ತ್ ನೇಯ್ಸೋದು ಅಥವಾ 8 ಗಜ ಪೂರ್ತಿ ಡಬಲ್ ವಿಡ್ತ್ ತೊಗೊಂಡು ಒಂದೇ ಬದಿ ಉಪಯೋಗಿಸೋದು ವಾಸಿ, ದುಡ್ಡು ಜಾಸ್ತಿ ಹೋಗತ್ತೆ, ಉಳಿದರ್ಧದಲ್ಲಿ ಮನೇಲಿ ಇನ್ಯಾರಿಗಾದ್ರೂ ಏನಾದ್ರೂ ಹೊಲೀಬೋದು.

ಸಮರೂಪ ಇದ್ರೂ ಇನ್ನೊಂದು ಪರೀಕ್ಷೆ ಬಾಕಿ ಇದೆ. ಎರಡೂ ಬದಿಯ ಸೆಲ್ವೇಜ್ ಮಾದರಿಯ ಒಂದೇ ಜಾಗದಲ್ಲಿ ಮುಗೀತಿದ್ಯಾ ನೋಡಿ. ಬಟ್ಟೆನ ಅಗಲಕ್ಕೆ ಮಡಚಿ ಅಂಚಿಗೆ ಅಂಚು ಸೇರಿಸಿದ್ರೆ ಗೆರೆ ಮೇಲೆ ಗೆರೆ ಕೂರ್ಬೇಕು. ಒಂದು ಬದಿ ಹಸಿರು ಚೌಕದ ಮಧ್ಯೆ ನಿಂತು ಇನ್ನೊಂದು ಬದಿ ಕೆಂಪು ಗೆರೆ ಹತ್ರ ನಿಂತಿದ್ರೆ, ಪಟ್ಟಿ ಜೋಡಿಸಿದಾಗ ಅಡ್ಡ ಗೆರೆಗಳು ಒಂದೇ ಮಟ್ಟಕ್ಕೆ ಬರಲ್ಲ. ಗೆರೆ ಹೊಂದಿಸಿದ್ರೆ ಅಂಚು ಮೇಲೆ ಕೆಳಗೆ, ಅಂಚು ಹೊಂದಿಸಿದ್ರೆ ಗೆರೆ ಮೇಲೆ ಕೆಳಗೆ. ಆಗ ಮಡಚಿ ಹೊಲಿಯೋದು ಬಿಟ್ರೆ ಅಥವಾ ಒಂದೇ ಬದಿ ಉಪಯೋಗಿಸೋದು ಬಿಟ್ರೆ ಬೇರೆ ದಾರಿ ಇಲ್ಲ. ಇದನ್ನ ಕತ್ತರಿ ಹಾಕೋ ಮೊದಲೇ ನೋಡಿ, ಒಂದು ನಿಮಿಷದ ಕೆಲಸ.

ಕೆಳಗಿನ ಅಂಚು ಮುಟ್ಟಲ್ಲ ಅಂದ್ಮೇಲೆ ಉದ್ದ ಹೇಗೆ ಸರಿ ಮಾಡೋದು? ಮೇಲಿಂದ. ಪ್ಯಾಂಟ್ ಹೊಲಿಯೋರಿಗೆ ಇದು ಉಲ್ಟಾ ಅನ್ನಿಸತ್ತೆ. ಮಂಡಿ ಹತ್ರ ಎಲ್ಲಿ ಬರ್ಬೇಕೋ ಅಲ್ಲಿ ಸೆಲ್ವೇಜ್ ಇಟ್ಟು, ಅಲ್ಲಿಂದ ಮೇಲಕ್ಕೆ ಅಳೆದು, ಸೊಂಟದ ಪಟ್ಟಿಗಿಂತ ಮೇಲಿನ ಹೆಚ್ಚುವರಿ ಬಟ್ಟೆ ಕತ್ತರಿಸ್ತಾರೆ, ಹಸಿ ಅಂಚು ಸೊಂಟದ ಪಟ್ಟಿಲಿ ಮುಚ್ಚಿಹೋಗತ್ತೆ. ಕಿಲ್ಟಿನ ಉದ್ದ 24 ಇಂಚು, ಬಟ್ಟೆ ಅಗಲ 58 ಅಂದ್ರೆ ಅರ್ಧ 29, ಮೇಲೆ ಹೊಲಿಗೆಗೆ ಸ್ವಲ್ಪ ಬಿಟ್ರೂ 4 ಇಂಚಿನ ಪಟ್ಟಿ ಉಳಿಯತ್ತೆ. ಅದನ್ನ ಎಸೀಬೇಡಿ, ಸೊಂಟದ ಪಟ್ಟಿ, ಬೆಲ್ಟ್ ಲೂಪು, ಕುಚ್ಚಿನ ಪಟ್ಟಿ ಎಲ್ಲಾ ಅದರಿಂದಲೇ ಬರೋದು. ಎತ್ತರದವರಿಗೆ 27 ಇಂಚು ಉದ್ದ ಬೇಕು, ಬಟ್ಟೆ 54 ಇಂಚಿನದು ಅಂದ್ರೆ ಮೇಲೂ ಕೆಳಗೂ ಏನೂ ಉಳಿಯಲ್ಲ, ಅಂಥೋರು ಮಡಚೋ ಯೋಚನೆನೇ ಬಿಡ್ಬೇಕು.

ಹಾಗಾದ್ರೆ ಮಡಚಿ ಹೊಲಿಯೋದು ಯಾವಾಗ? ಟ್ವೀಡ್ (ಒರಟು ಉಣ್ಣೆ ಬಟ್ಟೆ) ಕಿಲ್ಟ್ ಇತ್ತೀಚೆಗೆ ಮದುವೆಗಳಲ್ಲಿ ತುಂಬಾ ಕಾಣ್ತಿದೆ, ನೋಡೋಕೂ ಚೆನ್ನಾಗಿರತ್ತೆ, ಆದ್ರೆ ಟ್ವೀಡ್ ನೇಯೋದು ಕೋಟಿಗೆ, ಅದರ ಅಂಚು ಸಾಮಾನ್ಯವಾಗಿ ಕೆಳಗೆ ತೋರಿಸೋ ಥರ ಇರಲ್ಲ, ಮಡಚಲೇಬೇಕಾಗತ್ತೆ. ಪಾಲಿ-ವಿಸ್ಕೋಸ್ ಬಟ್ಟೆಲಿ ಕೆಲವಕ್ಕೆ ಒಳ್ಳೇ ಅಂಚು ಇರತ್ತೆ, ಕೆಲವಕ್ಕೆ ಇರಲ್ಲ, ಕೈಲಿ ಹಿಡಿದು ನೋಡಿಯೇ ಹೇಳ್ಬೇಕು. ಕಾಟನ್ ಡ್ರಿಲ್, ಕ್ಯಾನ್ವಾಸ್, ಡೆನಿಮ್ಮಲ್ಲಿ ಜೇಬು ಇಟ್ಟು ಹೊಲಿಯೋ ಯುಟಿಲಿಟಿ ಕಿಲ್ಟಿಗೆ ಮಡಿಕೆ ಸಹಜ, ಅದರ ಮೇಲೆ ಕಾಣೋ ಹಾಗೆ ಮೆಷಿನ್ ಹೊಲಿಗೆ ಹಾಕಿದ್ರೂ ಒಪ್ಪತ್ತೆ, ಅದರ ಶೈಲಿನೇ ಹಂಗೆ. ಮಕ್ಕಳ ಕಿಲ್ಟಿಗೆ ಬೆಳವಣಿಗೆಗೆ ಅಂತ ಮಡಚಿಟ್ಟಿರ್ತಾರೆ, ಅದಕ್ಕೆ ಆಮೇಲೆ ಬರ್ತೀನಿ.

ಮಡಚೋದು ಅಂತ ತೀರ್ಮಾನ ಆದ್ರೆ ನನ್ನ ಸಲಹೆ, ಬಟ್ಟೆನೇ ಕಮ್ಮಿ ಹಾಕಿ. 8 ಗಜದ ನೈಫ್ ಪ್ಲೀಟ್ (ಎಲ್ಲಾ ಒಂದೇ ದಿಕ್ಕಿಗೆ ಮಲಗೋ ನೆರಿಗೆ) ಹಠ ಬಿಟ್ಟು 4 ಅಥವಾ 5 ಗಜದ ಬಾಕ್ಸ್ ಪ್ಲೀಟ್ (ಎರಡೂ ಬದಿಗೆ ಒಳಗೆ ಮಡಚೋ ಅಗಲ ನೆರಿಗೆ) ಮಾಡಿ. ಬಾಕ್ಸ್ ಪ್ಲೀಟಲ್ಲಿ ಪದರ ಮೂರೋ ನಾಲ್ಕೋ ಇರತ್ತೆ, ಒಂದು ಸಲ ಮಡಚಿದ್ರೂ 6 ಅಥವಾ 8, ಇಸ್ತ್ರಿಗೆ ಮಾತು ಕೇಳತ್ತೆ. ಹೊಲಿದ ನೆರಿಗೆಯ ಮೊದಲ ಕಿಲ್ಟ್‌ಗಳು ಹೆಚ್ಚುಕಮ್ಮಿ ಇಷ್ಟೇ ಬಟ್ಟೆಲಿ ಆದ ಬಾಕ್ಸ್ ಪ್ಲೀಟ್ ಕಿಲ್ಟ್‌ಗಳೇ, ಹಾಗಾಗಿ ಇದನ್ನ ರಾಜಿ ಅಂತ ಅನ್ಕೋಬೇಕಿಲ್ಲ. ಟ್ವೀಡಿಗಂತೂ ಇದೇ ಸರಿ.

ಮಡಿಕೆ ಹಾಕೋದು ನೆರಿಗೆ ಹಿಡಿಯೋ ಮೊದಲು. ಪಟ್ಟಿಗಳನ್ನ ಜೋಡಿಸಿ, ಜೋಡಣೆ ಹೊಲಿಗೆನ ಎರಡೂ ಕಡೆ ಬಿಡಿಸಿ ಇಸ್ತ್ರಿ ಮಾಡಿ, ಮಡಿಕೆ ಬೀಳೋ ಜಾಗದಲ್ಲಿ ಆ ಹೊಲಿಗೆಯ ಹೆಚ್ಚುವರಿ ಬಟ್ಟೆ ಸವರಿ ತೆಳ್ಳಗೆ ಮಾಡಿ, ಆಮೇಲೆ ಇಡೀ ಉದ್ದ ಒಂದೇ ಸಮ ಮಡಚ್ಬೇಕು. ಇಲ್ಲಿ ಟಾರ್ಟನ್ನೇ ನಮಗೆ ಅಳತೆಪಟ್ಟಿ. ಟೇಪ್ ಇಟ್ಕೊಂಡು ಪ್ರತಿ ಅರ್ಧ ಅಡಿಗೆ ಒಂದೂವರೆ ಇಂಚು ಗುರುತು ಹಾಕ್ತಾ ಹೋದ್ರೆ ಎಲ್ಲೋ ಒಂದು ಕಡೆ ಒಂದೆರಡು ನೂಲು ಹೆಚ್ಚುಕಮ್ಮಿ ಆಗೇ ಆಗತ್ತೆ, ನೆರಿಗೆ ಹಿಡಿದಾಗ ಅದು ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಾಣತ್ತೆ. ಅದರ ಬದಲು ಹಾಸಿನ ಒಂದು ನೂಲು ಆರಿಸ್ಕೊಳ್ಳಿ, ಉದಾಹರಣೆಗೆ ನೀಲಿ ಚೌಕ ಮುಗಿದು ಕಪ್ಪು ಶುರುವಾಗೋ ಗೆರೆ, ಈ ತುದಿಯಿಂದ ಆ ತುದಿ ತನಕ ಅದೇ ಗೆರೆ ಮೇಲೆ ಮಡಚಿ. ನೇಕಾರ ನೇರ ನೇಯ್ದಿರೋ ಗೆರೆ ನಿಮ್ಮ ಟೇಪಿಗಿಂತ ನಂಬಿಕಸ್ಥ. ಮಡಚೋದರಲ್ಲಿ ಸಿಗೋ ಒಂದೇ ಲಾಭನೂ ಇದೇ, ಯಾವ ಬಣ್ಣ ಕೆಳಗೆ ಬರ್ಬೇಕು ಅಂತ ನಾವೇ ಆರಿಸ್ಬೋದು. ಗಾಢ ಬಣ್ಣದ ಚೌಕದ ಒಳಗೆ ಮಡಚಿದ್ರೆ ಅಂಚು ಶಾಂತವಾಗಿ ಕಾಣತ್ತೆ. ಬಿಳಿ ಅಥವಾ ಹಳದಿ ಗೆರೆ ಸರಿಯಾಗಿ ತುದಿಗೆ ಬಂದ್ರೆ ಒಂದು ಕೂದಲೆಳೆ ವ್ಯತ್ಯಾಸನೂ ಎದ್ದು ಕಾಣತ್ತೆ, ಮಂಡಿ ಹತ್ರ ಕೊಳೆನೂ ಬೇಗ ಹತ್ತತ್ತೆ.

ಉಣ್ಣೆ ಬಟ್ಟೆಗೆ ಒಂದೇ ಸಲ ಮಡಚಿ. ಹಸಿ ಅಂಚಿಗೆ ತೆಳು ದಾರದಲ್ಲಿ ಓವರ್‌ಲಾಕ್ ಮಾಡಿ, ಒಂದರಿಂದ ಒಂದೂವರೆ ಇಂಚು ಒಳಗೆ ತಿರುಗಿಸಿ, ಕೈಯಲ್ಲಿ ಹೆರಿಂಗ್‌ಬೋನ್ (ಒಂದರ ಮೇಲೊಂದು ಅಡ್ಡ ಹಾಯೋ ಓರೆ ಟಾಕಾ) ಹೊಲಿಗೆ ಹಾಕಿ. ಸೂಜಿ ಮುಂದಿನ ಬಟ್ಟೆಲಿ ಒಂದೇ ನೂಲು ಎತ್ಬೇಕು, ಟಾರ್ಟನ್ ನೇಯ್ಗೆ ಎರಡು ಮೇಲೆ ಎರಡು ಕೆಳಗೆ ಹೋಗೋ ಟ್ವಿಲ್ ಆದ್ರಿಂದ ಆ ಒಂದು ಟಾಕಾ ಓರೆ ಗೆರೆಲಿ ಸೇರಿಹೋಗತ್ತೆ, ಹೊರಗಿಂದ ಹುಡುಕಿದ್ರೂ ಸಿಗಲ್ಲ. ದಾರ ಎಳೆದು ಬಿಗಿ ಮಾಡ್ಬೇಡಿ, ಸಡಿಲ ಇರ್ಲಿ, ಬಿಗಿ ಆದ್ರೆ ಹೊರಗೆ ಗುಳಿ ಬೀಳತ್ತೆ. ಇಸ್ತ್ರಿ ಹಾಕ್ದಾಗ ಕರಗಿ ಅಂಟ್ಕೊಳ್ಳೋ ಫ್ಯೂಸಿಂಗ್ ಪಟ್ಟಿ ಹಾಕೋಣ ಅಂತ ಆಸೆ ಆಗತ್ತೆ, 4 ಗಜ ಆಗ್ಲಿ 8 ಗಜ ಆಗ್ಲಿ ಕೈಯಲ್ಲಿ ಹೊಲಿಯೋದು ಸಣ್ಣ ಕೆಲಸ ಅಲ್ಲ, ಆದ್ರೂ ಬೇಡ. ಅದು ಅಂಚನ್ನ ರಟ್ಟಿನ ಹಾಗೆ ಮಾಡತ್ತೆ, ನೆರಿಗೆಗೆ ಮತ್ತೆ ಮತ್ತೆ ಹಬೆ ಇಸ್ತ್ರಿ ಬೀಳ್ತಾ ಇರೋದ್ರಿಂದ ಅಂಟು ಮತ್ತೆ ಮೆತ್ತಗಾಗಿ ಜಾಗ ಬಿಡೋದೂ ಉಂಟು. ಪಾಲಿ-ವಿಸ್ಕೋಸ್ ತೆಳು ಇದ್ರೆ ಮೆಷಿನ್ ಬ್ಲೈಂಡ್ ಹೆಮ್ (ಹೊರಗೆ ಟಾಕಾ ಕಾಣದ ಮಡಿಕೆ ಹೊಲಿಗೆ) ನಡೆಯತ್ತೆ. ಕಾಟನ್ನಿಗೆ ಎರಡು ಮಡಿಕೆ ನಡೆಯತ್ತೆ, ಆದ್ರೆ ಹೊಲಿಯೋ ಮೊದಲು ಬಟ್ಟೆ ಒಗೆದಿರ್ಬೇಕು, ಇಲ್ಲಾಂದ್ರೆ ಮೊದಲ ವಾಶಲ್ಲೇ ಅಂಚು ಸುಕ್ಕುಗಟ್ಟತ್ತೆ.

ಕೆಳ ಅಂಚು ಆಯ್ತು, ಪಕ್ಕದ ಅಂಚೂ ಇದೆ. ಮೇಲಿನ ಏಪ್ರನ್ನಿನ ಬಲ ಅಂಚು, ಹಾಕ್ಕೊಂಡಾಗ ಬಲತೊಡೆ ಮೇಲೆ ಬರೋದು, ಅಲ್ಲಿ ಕುಚ್ಚು ಬಿಡೋದು ವಾಡಿಕೆ. ಇದು ಬಟ್ಟೆ ಅಡ್ಡಕ್ಕೆ ಕತ್ತರಿಸಿದ ಅಂಚು, ಆದ್ರಿಂದ ಮೇಲಿಂದ ಕೆಳಗೆ ಇಳಿದಿರೋ ಹೊಕ್ಕಿನ ನೂಲನ್ನ ಸೂಜಿ ಮೊನೆಯಿಂದ ಒಂದೊಂದೇ ಎಬ್ಬಿಸಿ ತೆಗೀತಾ ಹೋದ್ರೆ ಹಾಸಿನ ನೂಲು ಅಡ್ಡಡ್ಡ ಕುಚ್ಚಾಗಿ ಉಳಿಯತ್ತೆ. ಅರ್ಧ ಇಂಚಿಂದ ಮುಕ್ಕಾಲು ಇಂಚು ಸಾಕು. ತೆಗೆಯೋ ಮೊದಲು ಎಲ್ಲಿ ನಿಲ್ಲಿಸ್ಬೇಕೋ ಆ ನೂಲಿನ ಪಕ್ಕದಲ್ಲಿ ಒಂದು ಸಾಲು ಹೊಲಿಗೆ ಹಾಕಿ, ಬಣ್ಣ ಬದಲಾಗೋ ಗೆರೆ ಹತ್ರ ನಿಲ್ಲಿಸಿದ್ರೆ ಕಣ್ಣಿಗೆ ಹಿತ. ಒಂದೇ ಪದರದ ಕುಚ್ಚು ಬಡವಾಗಿ ಕಾಣತ್ತೆ, ಮೇಲಿಂದ ಉಳಿದ ಬಟ್ಟೆಲಿ ಇನ್ನೊಂದು ಪಟ್ಟಿಗೂ ಹೀಗೇ ಕುಚ್ಚು ಬಿಡಿಸಿ ಹಿಂದೆ ಇಟ್ಟು ಹೊಲಿದ್ರೆ ತುಂಬಿಕೊಳ್ಳತ್ತೆ, ಗೆರೆಗೆ ಗೆರೆ ಹೊಂದಿಸೋದು ಮರೀಬೇಡಿ. ಒಳಗಿನ ಏಪ್ರನ್ನಿಗೆ ಕುಚ್ಚು ಬೇಡ, ಸುಮ್ನೆ ಒಳಗೆ ಮಡಚಿ ಹೊಲಿದ್ರೆ ಆಯ್ತು.

ಕೆಳಗೆ ಮಡಿಕೆ ಹಾಕಿದ ಕಿಲ್ಟಲ್ಲಿ ಕುಚ್ಚು ಮತ್ತು ಮಡಿಕೆ ಸೇರೋ ಮೂಲೆ ತೊಂದರೆ ಕೊಡತ್ತೆ. ಎರಡು ಪದರ ಇರೋ ಕಡೆ ಕುಚ್ಚು ಬಿಡ್ಸಿದ್ರೆ ಕೆಳಗಿನ ಒಂದೂವರೆ ಇಂಚು ಮಾತ್ರ ದಪ್ಪ ಕಾಣತ್ತೆ. ಹಾಗಾಗಿ ಕುಚ್ಚು ಬರೋ ಅಗಲದಷ್ಟು ಜಾಗದಲ್ಲಿ ಮಡಿಕೆ ಬಟ್ಟೆನ ಮಡಿಕೆ ಗೆರೆಗೆ ಸರಿಯಾಗಿ ಕತ್ತರಿಸಿ ತೆಗೀರಿ, ಮಡಿಕೆ ಕುಚ್ಚಿನ ಹೊಲಿಗೆ ಸಾಲಿಗೆ ಬಂದು ನಿಲ್ಲಲಿ. ಕುಚ್ಚಿನ ನೂಲು ಅಡ್ಡ ಇರೋದ್ರಿಂದ ಅಲ್ಲಿ ಕತ್ತರಿಸಿದ್ರೆ ಏನೂ ಬಿಚ್ಚಿಕೊಳ್ಳಲ್ಲ. ಎಡಗಡೆ ಏಪ್ರನ್ನಿನ ಅಂಚು ಆಳವಾದ ನೆರಿಗೆಯಾಗಿ ಒಳಗೆ ತಿರುಗೋ ಕಡೆನೂ ದಪ್ಪ ಸೇರತ್ತೆ, ಅಲ್ಲಿ ಮಡಿಕೆ ಒಳಗಿನ ಪದರನ ತುದಿ ಹತ್ರ ಸವರಿದ್ರೆ ಮೂಲೆ ಮುಂದಕ್ಕೆ ಉಬ್ಬಲ್ಲ.

ಇಸ್ತ್ರಿಗೆ ಮುಂಚೆ ಎಲ್ಲಾ ನೆರಿಗೆನೂ ಕಚ್ಚಾ ಹೊಲಿಗೆಲಿ ಹಿಡೀಬೇಕು, ಕೆಳ ಅಂಚಿನಿಂದ ಒಂದು ಇಂಚು ಮೇಲೆ ಒಂದು ಸಾಲು, ಅದರ ಮೇಲೆ ಇನ್ನೆರಡು ಸಾಲು. ಮೇಜಿನ ಅಂಚಿಗೆ ಕಿಲ್ಟಿನ ಅಂಚು ಇಟ್ಟು ಎಲ್ಲಾ ನೆರಿಗೆ ತುದಿ ಒಂದೇ ಮಟ್ಟದಲ್ಲಿ ಇದ್ಯಾ ನೋಡಿ, ಯಾವುದಾದ್ರೂ ಒಂದು ಇಳಿದಿದ್ರೆ ಆ ನೆರಿಗೆ ಮೇಲೆ ಸರಿಯಾಗಿ ಹಿಡಿದಿಲ್ಲ ಅಂತ, ಕೆಳಗೆ ಕತ್ತರಿಸಿ ಸರಿಮಾಡೋಕೆ ಹೋಗ್ಬೇಡಿ, ಮೇಲಿನ ಹೊಲಿಗೆ ಬಿಚ್ಚಿ ಹಿಡೀರಿ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿ ಎತ್ಬೇಕು, ಉಜ್ಜಬಾರ್ದು. ಮಡಿಕೆ ಇದ್ರೆ ಮಡಿಕೆ ಮೇಲ್ತುದಿಗೂ ಮುಂದಿನ ಬಟ್ಟೆಗೂ ಮಧ್ಯೆ ದಪ್ಪ ಕಾಗದದ ಪಟ್ಟಿ ತೂರ್ಸಿ ಇಸ್ತ್ರಿ ಮಾಡಿ, ಇಲ್ಲಾಂದ್ರೆ ಓವರ್‌ಲಾಕಿನ ಗೆರೆ ಹೊರಗೆ ಅಚ್ಚೊತ್ತಿ ಹೊಳೆಯತ್ತೆ, ಗಾಢ ಬಣ್ಣದಲ್ಲಿ ಅದು ಇನ್ನೂ ಜಾಸ್ತಿ.

ಮಕ್ಕಳ ಕಿಲ್ಟಿಗೆ ಬರ್ತೀನಿ ಅಂದಿದ್ದೆ. ಹೈಲ್ಯಾಂಡ್ ನೃತ್ಯ ಕಲಿಯೋ ಮಕ್ಕಳು, ಸ್ಕಾಟ್ಲೆಂಡಲ್ಲಿ ಬೆಳೀತಿರೋ ನಮ್ಮವರ ಮಕ್ಕಳೂ ಇರ್ಬೋದು, ವರ್ಷಕ್ಕೊಂದು ಕಿಲ್ಟ್ ಕೊಡಿಸೋಕೆ ಯಾರಿಗೂ ಆಗಲ್ಲ. ಅವರಿಗೆ ಎರಡು ಎರಡೂವರೆ ಇಂಚು ಮಡಚಿಡೋದು ನ್ಯಾಯವಾದ ಕೆಲಸ, ತೆಳು 10, 11 ಔನ್ಸಿನ ಬಟ್ಟೆ ಆದ್ರೆ ದಪ್ಪನೂ ಅಷ್ಟೊಂದು ಕಾಡಲ್ಲ. ಆದ್ರೆ ಒಂದು ಉಪಾಯ ಮಾಡಿ, ಸೆಲ್ವೇಜನ್ನ ಕತ್ತರಿಸ್ದೇ ಹಾಗೇ ಒಳಗೆ ಮಡಚಿ, ಓವರ್‌ಲಾಕೂ ಬೇಡ, ಸಡಿಲವಾಗಿ ಕೈ ಹೊಲಿಗೆ ಹಾಕಿಡಿ. ಮಗು ಎತ್ತರ ಆದ್ಮೇಲೆ ಬಿಚ್ಚಿದ್ರೆ ನಿಜವಾದ ಕಿಲ್ಟ್ ಅಂಚು ಕೆಳಗೆ ಬಂದು ಕೂರತ್ತೆ. ಹಳೇ ಮಡಿಕೆ ಗೆರೆ ಒಂದು ಉಳಿಯತ್ತೆ, ಅದರಲ್ಲಿ ಧೂಳು ಕೂತಿರತ್ತೆ, ಬಿಚ್ಚಿದ ತಕ್ಷಣ ಇಸ್ತ್ರಿ ಇಡ್ಬೇಡಿ, ಮೊದಲು ಮೆತ್ತನೆ ಬ್ರಶ್ಶಲ್ಲಿ ಒಣಗಿದ್ದಾಗ್ಲೇ ತಿಕ್ಕಿ, ತಣ್ಣೀರಲ್ಲಿ ಅದ್ದಿದ ಬಟ್ಟೆಲಿ ಒರೆಸಿ, ಆಮೇಲೆ ಹಬೆ ಕೊಡಿ. ಕೊಳೆ ಇದ್ದ ಹಾಗೇ ಬಿಸಿ ತಾಗಿದ್ರೆ ಆ ಗೆರೆ ಮತ್ತೆ ಹೋಗಲ್ಲ.